ಹಸಿ ಕೌದಿ

ಟೊರಾಂಟೊದ ನಮ್ಮ ಓಣಿಯ ತುದಿಯಲ್ಲಿ ಎರಡು ವರ್ಷಗಳಿಂದ ಬೀಗ ಹಾಕಿದ್ದ ಚರ್ಚಿನ ಸಭಾಭವನದಲ್ಲಿ, ಈ ಚಳಿಗಾಲಕ್ಕೆ ಮನೆಯಿಲ್ಲದವರಿಗಾಗಿ 40 ಹಾಸಿಗೆಗಳ ತುರ್ತು ತಂಗುದಾಣ ತೆರೆಯಲಿದ್ದಾರೆ ಎಂಬ ಚೀಟಿ ಅಕ್ಟೋಬರಿನಲ್ಲಿ ಎಲ್ಲರ ಅಂಚೆಪೆಟ್ಟಿಗೆಗೂ ಬಂದು ಬಿದ್ದಿತು. ಮರುವಾರವೇ ಅದನ್ನು ವಿರೋಧಿಸುವ ಮನವಿಪತ್ರವೊಂದು ಮನೆಮನೆ ತಿರುಗತೊಡಗಿತು. ನಮ್ಮ ಬಾಗಿಲಿಗೆ ಬಂದಾಗ ನಾನು ಒಲೆಯ ಮೇಲಿಟ್ಟ ಹಾಲಿನ ಅವಸರದಲ್ಲಿ ಸಹಿ ಹಾಕಿ ಕಳಿಸಿದೆ. ನನ್ನದು 61ನೆಯ ಸಹಿ.

ಹಾಲಿನ ಅವಸರ ಎಂಬುದು ನೆಪ. ಮಗಳ ಶಾಲೆ ಅಲ್ಲಿಂದ ಕೂಗಳತೆಯಲ್ಲಿದೆ, ಪೇಟೆಯ ಉದ್ಯಾನದಲ್ಲಿ ಮಾದಕ ವಸ್ತು ಚುಚ್ಚಿಕೊಂಡು ಬಿಸಾಡಿದ ಸೂಜಿಗಳನ್ನು ನಾನೇ ಕಂಡಿದ್ದೇನೆ, ಮನೆಯ ಸಾಲದ ಕಂತುಗಳು ಇನ್ನೂ 22 ವರ್ಷ ಇರುವಾಗ ಮನೆಯ ಬೆಲೆ ಇಳಿದರೆ ಎಂಬ ಅಳುಕಿದೆ. ಈ ಮೂರರಲ್ಲಿ ಯಾವುದು ನನ್ನ ಕೈಯಿಂದ ಸಹಿ ಹಾಕಿಸಿತು ಎಂದು ಕೇಳಿದರೆ, ಮೂರನೆಯದನ್ನು ಹೇಳಲು ನಾಚಿಕೆಯಾಗುತ್ತದೆ.

ತಂಗುದಾಣದ ಕುರಿತ ಸಭೆ ಶಾಲೆಯ ವ್ಯಾಯಾಮ ಸಭಾಂಗಣದಲ್ಲಿ ಎರಡೂವರೆ ತಾಸು ನಡೆಯಿತು. ತಾಪಮಾನ ಮೈನಸ್ 5 ಡಿಗ್ರಿಗೆ ಇಳಿಯುವ ಸೂಚನೆ ಇದ್ದಾಗ ನಗರದಲ್ಲಿ ಬೆಚ್ಚನೆಯ ಕೇಂದ್ರಗಳನ್ನು ತೆರೆಯುತ್ತಾರೆ; ಆದರೆ ಚಳಿ ತಗ್ಗಿದೊಡನೆ ಮುಚ್ಚುವ ಜಾಗಗಳನ್ನು ನೆಚ್ಚಿಕೊಂಡು ಯಾರೂ ಇಡೀ ಚಳಿಗಾಲ ಕಳೆಯಲಾರರು ಎಂದು ಅಧಿಕಾರಿ ವಿವರಿಸಿದರು. ಎದ್ದು ನಿಂತವರಲ್ಲಿ ಹೆಚ್ಚಿನವರು 'ನಾವು ಆ ಜನರ ವಿರೋಧಿಗಳಲ್ಲ' ಎಂದೇ ಆರಂಭಿಸಿ, 'ಈ ಜಾಗ ಮಾತ್ರ ಸರಿಯಲ್ಲ' ಎಂಬಲ್ಲಿಗೆ ಬಂದು ಮುಟ್ಟುತ್ತಿದ್ದರು. ತಾತ್ಕಾಲಿಕ ಎಂದರೆ ಎಷ್ಟು ದಿನ ಎಂದು ಒಬ್ಬರು ನಾಲ್ಕು ಸಲ ಕೇಳಿದರು.

ಒಂಬತ್ತು ವರ್ಷದ ಮಗಳು ನನ್ನ ಪಕ್ಕದಲ್ಲಿ ಚಿತ್ರ ಬರೆಯುತ್ತ ಕುಳಿತಿದ್ದಳು, ಕೇಳಿಸಿಕೊಳ್ಳುತ್ತಿದ್ದಾಳೆಂದು ನನಗೆ ತಿಳಿಯಲಿಲ್ಲ. ವಾರಕ್ಕೆರಡು ಸಲ ಫೋನಿನಲ್ಲಿ ಅಜ್ಜಿಯೊಂದಿಗೆ ಹರಟಿ ಕಲಿತ ಬಾಗಲಕೋಟೆಯ ಮಾತಿನಲ್ಲಿ, ಮನೆಗೆ ನಡೆದು ಬರುವಾಗ ಕೇಳಿದಳು: 'ಮಮ್ಮಿ, ಆಯಿ ಹೊಳಿ ಬಂದಾಗ ಸಾಲ್ಯಾಗ ಮಲಗಿದ್ಲಲ್ಲಾ, ಆಗ ಆ ಊರವರೂ ಹಿಂಗ ಸಹಿ ಮಾಡಿದ್ರೇನು?'

ಮಾಡಿದ್ದರು.

2009ರ ಅಕ್ಟೋಬರ್ ಮೊದಲ ವಾರ ಅದು. ಬಾದಾಮಿ ತಾಲ್ಲೂಕಿನ ನಮ್ಮ ಊರಿಗೆ ಮಲಪ್ರಭೆ ರಾತ್ರೋರಾತ್ರಿ ನುಗ್ಗಿದ್ದಳು. ಬಾಗಲಕೋಟೆಯಲ್ಲಿ ಓದುತ್ತಿದ್ದ ನಾನು ಮೂರನೆಯ ದಿನ ತಲುಪಿದಾಗ, ಎತ್ತರದಲ್ಲಿದ್ದ ಪಕ್ಕದೂರಿನ ಸರಕಾರಿ ಶಾಲೆಯೇ ಗಂಜಿ ಕೇಂದ್ರವಾಗಿತ್ತು. ಮೊದಲ ವಾರ ಆ ಊರಿನವರು ಗಂಟುಗಟ್ಟಲೆ ಜೋಳದ ರೊಟ್ಟಿ, ಝುಣಕ, ಶೇಂಗಾ ಹಿಂಡಿ ತಂದು ಸುರಿದರು. ಅಂಥ ಕೈ ಎಲ್ಲ ಕಡೆ ಸಿಗುವುದಿಲ್ಲ ಎಂದು ಇಲ್ಲಿಯವರ ಮುಂದೆ ಎಷ್ಟೋ ಸಲ ಹೆಮ್ಮೆಯಿಂದ ಹೇಳಿದ್ದೇನೆ. ಹೇಳದೆ ಬಿಟ್ಟದ್ದೂ ಇದೆ. ಕೇರಿಯವರಿಗೆ ಶಾಲೆಯ ಕೋಣೆ ಸಿಗಲಿಲ್ಲ. ಅವರು ಅಂಗಳದಲ್ಲಿ ತಾಡಪತ್ರಿ ಕಟ್ಟಿಕೊಂಡರು, ಮತ್ತು ಕೋಣೆಯೊಳಗಿದ್ದ ನಾವು ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಹದಿನೈದು ದಿನ ಕಳೆಯುವಷ್ಟರಲ್ಲಿ ನಳದ ಮುಂದೆ ಜಗಳ ಹತ್ತಿತು. ನೀರಿನಿಂದ ಎಳೆದು ತಂದಿದ್ದ ಕೌದಿಗಳನ್ನು ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಹರವಿದ್ದೆವು. ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಕೌದಿ ಸುಲಭಕ್ಕೆ ಆರುವ ವಸ್ತುವಲ್ಲ. ಮೇಲೆ ಬಿಸಿಲು ತಾಗಿ ಗರಿಗರಿಯಾದರೂ ಒಳಪದರದಲ್ಲಿ ಹೊಳೆಯ ರಾಡಿ ಹಸಿಯಾಗಿಯೇ ಉಳಿದು, ಅದರ ಕಮಟು ಓಣಿಗೆಲ್ಲ ಹರಡಿತು. ನಮ್ಮ ಮಕ್ಕಳ ಪಾಠ ನಿಂತಿದೆ, ವಾಸನೆಗೆ ಕೂಡ್ರಲು ಆಗುತ್ತಿಲ್ಲ ಎಂದು ಆ ಊರಿನವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ಅವರ ಮಕ್ಕಳ ಪಾಠ ನಿಂತಿದ್ದು ಸುಳ್ಳಾಗಿರಲಿಲ್ಲ.

ಮುಂದೆ ಸರಕಾರ 'ಆಸರೆ' ಮನೆಗಳನ್ನು ಕಟ್ಟಿಸಿತು. ಹೊಲ ದೂರವಾಯಿತೆಂದು ಎಷ್ಟೋ ಜನ ಹೊಳೆಯ ದಂಡೆಗೇ ಮರಳಿದರು. 2019ರ ಆಗಸ್ಟಿನಲ್ಲಿ ಅದೇ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಬಂದಳು.

ತಂಗುದಾಣದ ಸುದ್ದಿ ಕೇಳಿದ ಊರಿನ ಗೆಳತಿಯರು 'ಅಷ್ಟ್ ಶ್ರೀಮಂತ ದೇಶದಾಗೂ ಬೀದ್ಯಾಗ ಮಲಗೋರು ಅದಾರ?' ಎಂದು ನಕ್ಕರು. ಒಂದು ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ತಂಗುದಾಣ ಇರಬೇಕೆಂದು ನಮ್ಮ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮಲಗಿದವರನ್ನು ದಾಟಿಕೊಂಡೇ ನಾವೆಲ್ಲ ನಸುಕಿನ ಬಸ್ ಹಿಡಿದವರು. ಅವರು ಬಸ್ಸಿಗೆ ಕಾಯುತ್ತಿದ್ದಾರೆ ಎಂದೇ ನಾನು ಬಹಳ ದಿನ ತಿಳಿದಿದ್ದೆ.

ಆ ರಾತ್ರಿ ಅವ್ವನಿಗೆ ಫೋನ್ ಮಾಡಿ, ಸಹಿ ಹಾಕಿದ್ದನ್ನೂ ಮಗಳು ಕೇಳಿದ್ದನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಆಕೆಗೆ ನೆನಪಾದದ್ದು ಶಾಲೆಯ ಹಿಂದಿನ ಮನೆಯ ಹೆಂಗಸು. 'ಅಕಿ ಗಂಡನೂ ಅರ್ಜಿಗೆ ಸಹಿ ಹಾಕಿದ್ದ. ಅಕಿ ಮಾತ್ರ ದಿನಾ ಸಂಜಿಮುಂದ ರೊಟ್ಟಿ ಗಂಟು ತರೋದು ಬಿಡಲಿಲ್ಲ ನೋಡು.' ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಲ್ಲೆ ಬರೋರಿಗೆ ಹೊಚ್ಚಕೊಳ್ಳಾಕ ಏನರ ಕೊಡ್ತಾರೇನ, ಇಲ್ಲೋ?' ಎಂದು ಕೇಳಿದಳು.

ಸಭೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. 'ಒಣಗಿದ್ದು ಕೊಡಂತ ಹೇಳು' ಎಂದು ಅವ್ವ ಫೋನ್ ಇಟ್ಟಳು.