ಮುರಿದ ಉಂಗುರದ ಒಳಮೈ

ಗ್ರಾಹಕರೊಬ್ಬರು ತಂದ ನಾಲ್ಕು ಹಳೆಯ ಬಳೆಗಳಲ್ಲಿ ಎರಡನ್ನು ಕರಗಿಸಿ ಎರಕ ಹೊಯ್ದಿದ್ದ 22 ಕ್ಯಾರೆಟ್ಟಿನ ಉಂಗುರವು, ಕಳೆದ ವಾರ ಅಳತೆ ಹಿಗ್ಗಿಸುವ ಕೋಲಿನ ಮೇಲೆ ಎರಡನೆಯ ಪೆಟ್ಟಿಗೇ ಬಿಸ್ಕತ್ತಿನಂತೆ ಮುರಿಯಿತು. 916ರ ಚಿನ್ನ ಬಾಗಬೇಕು, ಹಿಗ್ಗಬೇಕು. ಮುರಿಯುವುದು ಅದರ ಗುಣವಲ್ಲ. ಇಂಥ ಸಂದರ್ಭದಲ್ಲಿ ನಮ್ಮ ಕಸುಬಿನ ಅನೇಕರು, ಮೊದಮೊದಲು ನಾನೂ, ಮಾಡುತ್ತಿದ್ದ ಕೆಲಸವೆಂದರೆ ತುಂಡುಗಳನ್ನು ಮತ್ತೆ ಮೂಸೆಗೆ ಹಾಕಿ, ಬಿಳಿಗಾರ ಉದುರಿಸಿ, ಇನ್ನಷ್ಟು ಉರಿ ಕೊಟ್ಟು ಹೊಯ್ಯುವುದು. ಹಾಗೆ ಮಾಡಿದೊಡನೆ ದೋಷವನ್ನು ತಿಳಿಯಲು ಇದ್ದ ಸಾಕ್ಷಿಯೇ ಕರಗಿಹೋಗುತ್ತದೆ. ಈಗ ನಾನು ಮೊದಲು ಮುರಿದ ಬಾಯಿಯನ್ನು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡುತ್ತೇನೆ.

ಅಲ್ಲಿ ತೂತುಗಳಿದ್ದರೆ ಕಾಯಿಲೆ ಎರಕದ್ದು. ತೂತಿಲ್ಲದೆ ರವೆಯಂತೆ ಹರಳುಹರಳಾಗಿ ಕಂಡರೆ ಕಾಯಿಲೆ ಲೋಹದ್ದು. ನನ್ನ ಉಂಗುರದಲ್ಲಿ ಕಂಡದ್ದು ರವೆ, ಅದೂ ಮಂಕಾದ ಬೂದು ಬಣ್ಣದ್ದು.

ಇದಕ್ಕೆ ಸಾಮಾನ್ಯವಾಗಿ ಕಾರಣವಾಗುವುದು ಸೀಸ. ಚಿನ್ನವು ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗತೊಡಗಿದರೂ, ಸೀಸ ಬೆರೆತ ಅಲ್ಪ ಭಾಗವು ಕೆಲವೇ ನೂರು ಡಿಗ್ರಿಗೆ ಇಳಿಯುವವರೆಗೆ ದ್ರವವಾಗಿಯೇ ಉಳಿದು, ಹರಳು ಹರಳುಗಳ ನಡುವಿನ ಸಂದಿಗೆ ಸರಿದು ತೆಳುಪೊರೆಯಾಗಿ ಕೂರುತ್ತದೆ. ಪೆಟ್ಟು ಬಿದ್ದಾಗ ಆ ಪೊರೆಯಲ್ಲೇ ಬಿರುಕು ಬಿಡುತ್ತದೆ. ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಸೀಸವೋ ಬಿಸ್ಮತ್ತೋ ಸೇರಿದರೂ ಚಿನ್ನ ಪೆಡಸಾಗುವುದನ್ನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಹ್ಯಾಚೆಟ್ 1803ರಲ್ಲೇ ಪ್ರಯೋಗಗಳಿಂದ ತೋರಿಸಿದ್ದ. ಅಷ್ಟು ಅಲ್ಪ ಪ್ರಮಾಣ ಒರೆಗಲ್ಲಿಗೆ ಕಾಣುವುದಿಲ್ಲ. ಹೊಳಪಿಗಾಗಿ ಸಿಲಿಕಾನ್ ಸೇರಿಸಿದ, 14 ಕ್ಯಾರೆಟ್ಟಿಗೆಂದು ತಯಾರಾದ, ಚಿನ್ನಕ್ಕೆ ಬೆರೆಸುವ ಸಿದ್ಧ ಮಿಶ್ರಲೋಹವನ್ನು 22ಕ್ಕೆ ಬಳಸಿದಾಗಲೂ ಇದೇ ಆಗುತ್ತದೆ, ಏಕೆಂದರೆ ಚಿನ್ನ ಮತ್ತು ಸಿಲಿಕಾನಿನ ಮಿಶ್ರಣ 363 ಡಿಗ್ರಿಗೇ ಕರಗುತ್ತದೆ. ದುಡ್ಡು ಕೊಟ್ಟು ಪೆಡಸುತನ ತಂದುಕೊಂಡಂತೆ!

ಸೀಸದ ಅಂಶ ಅಲ್ಪವಾಗಿದ್ದರೆ ಮಣ್ಣಿನ ಮೂಸೆಯಲ್ಲಿ ಬಿಳಿಗಾರದೊಡನೆ ಚಿಟಿಕೆ ಪೆಟ್ಲುಪ್ಪು ಹಾಕಿ ಕರಗಿಸಿದಾಗ ಸೀಸವು ಉತ್ಕರ್ಷಣಗೊಂಡು ಕಿಟ್ಟಕ್ಕೆ ಸೇರುತ್ತದೆ. ಗ್ರಾಫೈಟ್ ಮೂಸೆಯಲ್ಲಿ ಇದನ್ನು ಮಾಡಬಾರದು, ಪೆಟ್ಲುಪ್ಪು ಮೂಸೆಯನ್ನೇ ತಿನ್ನುತ್ತದೆ. ಅದಕ್ಕೂ ಜಗ್ಗದಿದ್ದರೆ ಶುದ್ಧೀಕರಣವೇ ದಾರಿ.

ತೂತುಗಳ ವಿಚಾರ ಬೇರೆ. ಎರಕಕ್ಕೆ ಮೊದಲು ಒಡವೆಯ ಮೇಣದ ಮಾದರಿಗೆ ಮೇಣದ್ದೇ ಕೊಂಬೆ ಜೋಡಿಸಿ, ಸುತ್ತ ಅಚ್ಚು ಕಟ್ಟಿ, ಮೇಣವನ್ನು ಸುಟ್ಟು ತೆಗೆಯುತ್ತೇವೆ; ಕೊಂಬೆಯಿದ್ದ ದಾರಿಯಲ್ಲೇ ಲೋಹ ಒಳಗೆ ಹರಿಯುತ್ತದೆ. ಆ ಕೊಂಬೆ ಸೇರುವ ಜಾಗದಲ್ಲೋ ದಪ್ಪ ಭಾಗದಲ್ಲೋ ಕವಲುಕವಲಾದ ಒರಟು ಕುಳಿಗಳಿದ್ದರೆ, ಲೋಹ ಕುಗ್ಗುವಾಗ ಅದಕ್ಕೆ ಪೂರೈಕೆ ಸಿಕ್ಕಿಲ್ಲವೆಂದರ್ಥ. ಕೊಂಬೆಯನ್ನು ದಪ್ಪಗೊಳಿಸಿ ಒಡವೆಯ ಅತಿ ದಪ್ಪನೆಯ ಭಾಗಕ್ಕೇ ಜೋಡಿಸಬೇಕು. ಮೈಯೆಲ್ಲ ಹರಡಿದ ದುಂಡು ತೂತುಗಳಾದರೆ ಅನಿಲದ್ದು. ಅಚ್ಚಿನ ಪುಡಿಯಲ್ಲಿರುವ ಜಿಪ್ಸಮ್, ಸುಟ್ಟುಹೋಗದೆ ಉಳಿದ ಮೇಣದ ಕರಿಯ ಜೊತೆ ಸೇರಿದರೆ, ಅಥವಾ ಕರಗಿದ ಚಿನ್ನ ಅತಿ ಬಿಸಿಯಾಗಿದ್ದರೆ, ಒಡೆದು ಗಂಧಕದ ಡೈಆಕ್ಸೈಡನ್ನು ಬಿಡುತ್ತದೆ. ಹೀಗಾಗಿ ಅಚ್ಚು ಸುಡುವ ಕುಲುಮೆಯನ್ನು 730 ಡಿಗ್ರಿಯವರೆಗೆ ಏರಿಸಿ ಅಲ್ಲಿ ಕೆಲವು ಗಂಟೆ ನಿಲ್ಲಿಸುವುದು, 750ನ್ನು ದಾಟದಿರುವುದು, ಎರಡೂ ಮುಖ್ಯ. ನಮ್ಮ ಬೀದಿಯಲ್ಲಿ ರಾತ್ರಿ ಕರೆಂಟು ಹೋಗಿ ಬಂದ ಮರುದಿನದ ಎರಕವನ್ನು ನಾನು ನಂಬುವುದಿಲ್ಲ. ಅಚ್ಚಿನ ಬಾಯಿ ಬೂದಾಗಿದ್ದರೆ ಮತ್ತೆ ಸುಡುತ್ತೇನೆ, ಅಪ್ಪಟ ಬಿಳಿಯಾದ ಮೇಲೆಯೇ ಹೊಯ್ಯುತ್ತೇನೆ.

ಉಳಿದಿದ್ದ ಎರಡು ಬಳೆಗಳನ್ನು ತಿರುಗಿಸಿ ನೋಡಿದಾಗ ಒಂದರ ತಿರುಪಿನ ಒಳಗಡೆ ಉಗುರಿನಷ್ಟಗಲದ ಬೂದು ತೇಪೆಯಿತ್ತು. ಯಾರೋ, ಎಂದೋ, ಡಬ್ಬ ಬೆಸೆಯುವ ಸೀಸದ ಬೆಸುಗೆಯಿಂದ ಅದನ್ನು ರಿಪೇರಿ ಮಾಡಿದ್ದರು. ಕರಗಿಸಿದ ಬಳೆಗಳಲ್ಲೂ ಅಂಥದ್ದೇ ಇದ್ದಿರಬೇಕು, ನಾನು ನೋಡಿರಲಿಲ್ಲ. ತೇಪೆಯ ಭಾಗವನ್ನು ಸುತ್ತಲಿನ ಚಿನ್ನದೊಡನೆ ಧಾರಾಳವಾಗಿ ಕತ್ತರಿಸಿ ತೆಗೆದು, ಉಳಿದದ್ದರಿಂದ ಮೊದಲು ಸಣ್ಣ ಸರಳೊಂದನ್ನು ಹೊಯ್ದು, ಬಡಿದು, ಮಡಚಿ ನೋಡಿದೆ. ಬಿರುಕು ಬಿಡಲಿಲ್ಲ. ಹೊಸ ಉಂಗುರ ಅದರಲ್ಲೇ ಆಯಿತು. ಮುರಿದದ್ದನ್ನು ಮಾತ್ರ ನನ್ನ ಖರ್ಚಿನಲ್ಲಿ ಶುದ್ಧೀಕರಣಕ್ಕೆ ಕಳುಹಿಸಿದ್ದೇನೆ.