ಕಾಣಲಿಲ್ಲ ಮಾರಾಯರೇ

ದೇವಿಮನೆ ಘಟ್ಟದಲ್ಲಿ ಗೊಬ್ಬರದ ಚೀಲವೊಂದು ತನ್ನಷ್ಟಕ್ಕೆ ತಾನೇ ಇಳಿದು ಹೋಗುತ್ತಿತ್ತು. ಬಿಳಿಯ ಪ್ಲಾಸ್ಟಿಕ್ ಚೀಲ, ನೆಲದಿಂದ ಎರಡೂವರೆ ಅಡಿ ಮೇಲೆ. ಅದರ ಮೇಲೂ ಏನಿಲ್ಲ, ಕೆಳಗೂ ಏನಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ಒತ್ತಿದೆ. ಕಾರು ರಾಡಿಯಲ್ಲಿ ಒಂದಷ್ಟು ಜಾರಿ, ಚೀಲಕ್ಕೆ ಒಂದು ಮಾರು ದೂರವಿರುವಾಗ ನಿಂತಿತು. ಆಮೇಲಷ್ಟೇ ಆ ಚೀಲದ ಮುಂದೆ ಕಪ್ಪು ರೇನ್‌ಕೋಟು, ಅದರ ಮೇಲೆ ಕಪ್ಪು ಹೆಲ್ಮೆಟ್, ಕೆಳಗೆ ಕಪ್ಪು ಬೈಕು ಒಂದೊಂದಾಗಿ ಮೂಡಿದವು. ಹೆಲ್ಮೆಟ್ ಒಮ್ಮೆ ಹಿಂದಕ್ಕೆ ತಿರುಗಿತು, ಒಂದು ಕೈ ಗಾಳಿಯಲ್ಲಿ ಆಡಿತು, ಮತ್ತೆ ಮುಂದಿನ ತಿರುವಿನಲ್ಲಿ ಎಲ್ಲವೂ ಮಂಜಿನೊಳಗೆ ಹೋಯಿತು. ಕೊನೆಗೆ ಮರೆಯಾದದ್ದೂ ಚೀಲವೇ.

ಜುಲೈ ತಿಂಗಳ ಸಂಜೆ, ಆರೂಕಾಲು ಗಂಟೆಯಿರಬಹುದು. ರೈಲಿನಲ್ಲಿ ಬರುತ್ತಿದ್ದ ತಂಗಿಯನ್ನು ಕುಮಟಾದಿಂದ ಕರೆತರಲು ಭಾವನ ಕಾರನ್ನು ಕೇಳಿ ತೆಗೆದುಕೊಂಡು ಶಿರಸಿಯಿಂದ ಹೊರಟಿದ್ದೆ. ಸುಮಾರು 60 ಕಿಲೋಮೀಟರ್ ದಾರಿ. ರಸ್ತೆ ಅಗಲ ಮಾಡುವ ಕೆಲಸದಿಂದಾಗಿ ಅಲ್ಲಲ್ಲಿ ಕೆಂಪು ಕೆಸರು. ನಾನು ವೇಗವಾಗಿ ಹೋಗುತ್ತಿರಲಿಲ್ಲ ಎಂದು ಈಗಲೂ ಪ್ರಮಾಣ ಮಾಡಿ ಹೇಳಬಲ್ಲೆ. ಮುಳ್ಳು 40ರ ಹತ್ತಿರ ಇತ್ತು. ಆದರೆ ಆ ವೇಗದಲ್ಲೂ ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತೇವೆ. ಕಂಡದ್ದು ಏನು ಎಂದು ತಲೆಗೆ ಹೊಳೆಯುವಷ್ಟರಲ್ಲಿ ನಮ್ಮ ಅಂಗಳದಷ್ಟು ಜಾಗ ಮುಗಿದಿರುತ್ತದೆ.

ಕತಗಾಲದ ಚಹಾ ಅಂಗಡಿಯ ಮುಂದೆ ಅದೇ ಚೀಲ ನಿಂತಿತ್ತು. ನಿಲ್ಲಿಸದೆ ಹೋಗಿಬಿಡಬಹುದಿತ್ತು, ಮನಸ್ಸು ಒಪ್ಪಲಿಲ್ಲ. ಅವರು ವೈರಿಂಗ್ ಕೆಲಸದವರು, ಐವತ್ತರ ಆಸುಪಾಸು. ಶಿರಸಿಯಲ್ಲಿ ಕೆಲಸ ಮುಗಿಸಿ ಊರಿಗೆ ಇಳಿಯುತ್ತಿದ್ದರು. ನನ್ನನ್ನು ನೋಡಿದ್ದೇ ಲೋಟವನ್ನು ಬೆಂಚಿನ ಮೇಲೆ ಕುಕ್ಕಿದರು.

“ಎರಡೆರಡು ಲೈಟ್ ಹಾಕಿಕೊಂಡು ಬಂದಿದ್ದೀರಿ. ಕಣ್ಣನ್ನು ಮನೆಯಲ್ಲಿ ಇಟ್ಟು ಬಂದಿರಾ?”

“ಕಾಣಲಿಲ್ಲ ಮಾರಾಯರೇ.”

“ಕಾಣಲಿಲ್ಲ ಎಂದರೆ? ಆರಡಿ ಮನುಷ್ಯ ನಾನು. ಭೂತವೇ?”

ಚೀಲ ಮಾತ್ರ ಕಂಡಿತು ಎಂದೆ. ಅವರು ಎದ್ದು ಹೋಗಿ ತಮ್ಮ ಬೈಕನ್ನು ಹಿಂದಿನಿಂದ ನೋಡಿದರು. ಹಿಂದಿನ ಕೆಂಪು ದೀಪದ ಮೇಲೆ ಒಂದು ಬೆರಳು ದಪ್ಪ ಕೆಸರು ಕೂತಿತ್ತು. ಎಂಜಿನ್ ಸ್ಟಾರ್ಟ್ ಮಾಡಿ ನೋಡಿದರೆ ದೀಪವೇನೋ ಒಳಗೆ ಉರಿಯುತ್ತಿತ್ತು. 2017ರ ಏಪ್ರಿಲ್‌ನಿಂದ ಬಂದ ಬೈಕುಗಳಲ್ಲಿ ದೀಪ ಆರಿಸುವ ಗುಂಡಿಯನ್ನೇ ತೆಗೆದುಹಾಕಿದ್ದಾರಲ್ಲ, ಬೈಕು ಓಡುವಾಗ ಹಗಲೂ ರಾತ್ರಿ ಉರಿಯುತ್ತಲೇ ಇರಲಿ ಎಂದು. ಕಾನೂನು ಮಾಡಿದವರು ಘಟ್ಟದ ಕೆಸರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ವೈರಿಂಗಿನವರು ಹೆಬ್ಬೆರಳಿನಿಂದ ಕೆಸರು ಒರೆಸಿ, “ಹಾಗಾದರೆ ನಾಳೆಯಿಂದ ಚೀಲವನ್ನೇ ತಲೆಗೆ ಕಟ್ಟಿಕೊಳ್ಳುತ್ತೇನೆ” ಎಂದರು. ಸಿಟ್ಟು ಇಳಿದಿರಲಿಲ್ಲ, ಆದರೂ ನನ್ನ ಚಹಾದ ದುಡ್ಡನ್ನು ಅವರೇ ಕೊಟ್ಟರು. ಕರಾವಳಿಯವರ ಸಿಟ್ಟಿನ ರೀತಿಯೇ ಅದು.

ಕುಮಟಾ ತಲುಪುವವರೆಗೂ ನನಗೆ ಕಿರಿಕಿರಿ. ಕಾರಣ, ಹಿಂದಿನ ವರ್ಷದ ಮಳೆಗಾಲದಲ್ಲಿ ಇದೇ ಮಾತನ್ನು ನಾನು ಇನ್ನೊಬ್ಬನಿಗೆ ಹೇಳಿದ್ದೆ. ನಮ್ಮೂರ ತಿರುವಿನಲ್ಲಿ ಜೀಪೊಂದು ಒಳದಾರಿಯಿಂದ ನುಗ್ಗಿ ಬಂದು, ನಾನು ಬೈಕಿನ ಸಮೇತ ಗಟಾರಕ್ಕೆ ಇಳಿದಿದ್ದೆ. ಚಾಲಕ ಕೆಳಗಿಳಿದು “ಕಾಣಲಿಲ್ಲ” ಎಂದಾಗ, ಅವನ ಕುಲಗೋತ್ರವನ್ನೆಲ್ಲ ಜಾಲಾಡಿದ್ದೆ. ಸುಳ್ಳು ಹೇಳುತ್ತಿದ್ದಾನೆ ಎಂದೇ ನಂಬಿದ್ದೆ. ಅಂದು ನಾನು ತೊಟ್ಟಿದ್ದು ಕಪ್ಪು ರೇನ್‌ಕೋಟು, ಕಪ್ಪು ಹೆಲ್ಮೆಟ್. ಎರಡೂ ಈಗಲೂ ನಮ್ಮ ಮನೆಯ ಜಗುಲಿಯ ಗೂಟದಲ್ಲಿ ನೇತಾಡುತ್ತಿವೆ.

ನಮ್ಮ ಕಡೆ ಮಳೆಗಾಲವೇ ಕಪ್ಪು. ಹಿಂದಿನವರ ಕಂಬಳಿಕೊಪ್ಪೆ ಕಪ್ಪು, ಕೊಡೆ ಕಪ್ಪು, ಈಗಿನ ರೇನ್‌ಕೋಟೂ ಕಪ್ಪು. ನೆನೆದ ಡಾಂಬರು ಕಪ್ಪು, ನೆನೆದ ಮರದ ಬೊಡ್ಡೆ ಕಪ್ಪು. ಕಂಬಳಿಕೊಪ್ಪೆಯವರು ಗದ್ದೆಯಲ್ಲಿ ಬಗ್ಗಿ ನಿಂತಿರುತ್ತಿದ್ದರು, ಹಿಂದಿನಿಂದ ಕಾರು ಬರುತ್ತಿರಲಿಲ್ಲ, ಅವರಿಗೆ ನಡೆಯಿತು. “ಕೆಸರು ಕಾಣುವುದಿಲ್ಲ” ಎಂದು ಆಯಿ ನನಗೆ ಕಪ್ಪು ರೇನ್‌ಕೋಟನ್ನೇ ಆರಿಸಿದ್ದಳು. ಕೆಸರಿನ ಜೊತೆ ನಾನೂ ಕಾಣುವುದಿಲ್ಲ ಎಂದು ಇಬ್ಬರಿಗೂ ಹೊಳೆದಿರಲಿಲ್ಲ.

ಆ ವಾರವೆಲ್ಲ ಸಿಕ್ಕಿದ್ದನ್ನು ಓದಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ಭಾಗದ ಬೈಕ್ ಸವಾರರ ಬಗ್ಗೆ 2004ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಗಾಯಗೊಂಡ ಸವಾರರನ್ನೂ, ಅದೇ ರಸ್ತೆಗಳಲ್ಲಿ ಓಡಾಡುವ ಉಳಿದ ಸವಾರರನ್ನೂ ಹೋಲಿಸಿ ನೋಡಿದ್ದಾರೆ. ಕಪ್ಪು ಹೆಲ್ಮೆಟ್‌ನವರಿಗಿಂತ ಬಿಳಿ ಹೆಲ್ಮೆಟ್‌ನವರಿಗೆ ಅಪಾಯ ಶೇ. 24ರಷ್ಟು ಕಡಿಮೆ, ಹೊಳೆಯುವ ಪಟ್ಟಿ ಅಥವಾ ಕಣ್ಣು ಕುಕ್ಕುವ ಬಣ್ಣದ ಉಡುಪು ತೊಟ್ಟವರಿಗೆ ಶೇ. 37ರಷ್ಟು ಕಡಿಮೆ. ಬರೀ ಅಂಗಿಯ ಅಥವಾ ಬೈಕಿನ ಬಣ್ಣದಿಂದ ಮಾತ್ರ ವ್ಯತ್ಯಾಸ ಕಂಡುಬರಲಿಲ್ಲವಂತೆ. ಬಿಳಿ ಹೆಲ್ಮೆಟ್ ಕೊಳ್ಳುವವರು ಸ್ವಭಾವದಿಂದಲೇ ಎಚ್ಚರದ ಜನರಿರಬಹುದು ಎಂಬ ಅನುಮಾನ ನನ್ನನ್ನು ಬಿಟ್ಟಿಲ್ಲ. ಅದಿರಲಿ, ತಲೆಯ ಲೆಕ್ಕ ನನಗೆ ಒಪ್ಪಿಗೆಯಾಯಿತು. ಬೆನ್ನನ್ನು ಚೀಲ ಮುಚ್ಚುತ್ತದೆ, ಹಿಂದೆ ಕೂತ ಹೆಂಡತಿ ಮುಚ್ಚುತ್ತಾಳೆ, ಮಳೆ ಬಂದರೆ ರೇನ್‌ಕೋಟು ಮುಚ್ಚುತ್ತದೆ. ಎಲ್ಲಕ್ಕಿಂತ ಮೇಲಿರುವ ಹೆಲ್ಮೆಟ್ಟನ್ನು ಯಾವುದೂ ಮುಚ್ಚುವುದಿಲ್ಲ. ಫ್ರಾನ್ಸಿನಲ್ಲಿ ಹೆಲ್ಮೆಟ್‌ನ ನಾಲ್ಕೂ ಕಡೆ ಹೊಳೆಯುವ ಬಿಲ್ಲೆ ಅಂಟಿಸಿರಲೇಬೇಕು ಎಂಬ ನಿಯಮವೇ ಇದೆ. ನಮ್ಮಲ್ಲಿ ಅದನ್ನು ತಲೆಗೆ ಹಾಕಿಸುವುದೇ ದೊಡ್ಡ ಕೆಲಸ. ಅರ್ಧ ಜನರ ಹೆಲ್ಮೆಟ್ ಮೊಣಕೈಗೆ ಜೋತು ಬಿದ್ದಿರುತ್ತದೆ.

ಹೊಸ ಹೆಲ್ಮೆಟ್ ಕೊಳ್ಳುವ ಮನಸ್ಸಿರಲಿಲ್ಲ. ಇದ್ದದ್ದು ಐಎಸ್‌ಐ ಗುರುತಿನದು, ಗಟ್ಟಿಯಾಗಿಯೇ ಇತ್ತು. ಹಾಗಾಗಿ ಶಿರಸಿಯ ರೇಡಿಯಂ ಅಂಗಡಿಗೆ ಹೋದೆ. ಹೊಳೆಯುವ ಪಟ್ಟಿಗೆ ನಮ್ಮವರು ರೇಡಿಯಂ ಎನ್ನುತ್ತಾರೆ. ಹಿಂದೆ ಗಡಿಯಾರದ ಮುಳ್ಳಿಗೆ ಬಳಿಯುತ್ತಿದ್ದ ರೇಡಿಯಂ ಕತ್ತಲಲ್ಲೂ ತಾನೇ ಬೆಳಗುತ್ತಿತ್ತು. ಈ ಪಟ್ಟಿಯಲ್ಲಿ ಅದರ ಲವಲೇಶವೂ ಇಲ್ಲ, ಬೆಳಕು ಬಿದ್ದರೆ ಮಾತ್ರ ಹೊಳೆಯುತ್ತದೆ. ಹೆಸರು ಮಾತ್ರ ಅಂಟಿಕೊಂಡು ಬಂದಿದೆ.

ಅಂಗಡಿಯ ಹುಡುಗ ಹೆಲ್ಮೆಟ್ ನೋಡಿದವನೇ ಕೇಳಿದ: “ಏನು ಬರೆಯಬೇಕು? ದೇವರ ಹೆಸರೋ, ಮಗಳ ಹೆಸರೋ?”

ಏನೂ ಬರೆಯುವುದು ಬೇಡ, ಬರೀ ಪಟ್ಟಿ ಸಾಕು ಎಂದಾಗ ಅವನಿಗೆ ನಿರಾಸೆಯಾಯಿತು. ಆದರೆ ಕಸುಬು ಬಲ್ಲ ಹುಡುಗ. ಎರಡು ಸುರುಳಿ ತೆಗೆದು ಮುಂದಿಟ್ಟ. ಒಂದು ನುಣುಪಾದದ್ದು, ಅಗ್ಗ. ಇನ್ನೊಂದರ ಮೈಯಲ್ಲಿ ಜೇನುಗೂಡಿನಂಥ ಗೀರುಗಳು. ಲಾರಿಗಳಿಗೆ ಹಚ್ಚುವುದು, ಮುಂದಕ್ಕೆ ಬಿಳಿ, ಬದಿಗೆ ಹಳದಿ, ಹಿಂದಕ್ಕೆ ಕೆಂಪು. ಅಂಗಡಿಯ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಕಪಾಳದ ಪಕ್ಕಕ್ಕೆ ಹಿಡಿದು ನೋಡಲು ಹೇಳಿದ. ಅಗ್ಗದ್ದು ಬರೀ ಬಣ್ಣದ ಕಾಗದದಂತೆ ಕಂಡಿತು. ಇನ್ನೊಂದಕ್ಕೆ ಬೆಂಕಿ ಹತ್ತಿದಂತಾಯಿತು. ಅಂಟಿಸುವ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಥಿನ್ನರ್ ಮಾತ್ರ ಮುಟ್ಟಿಸಬೇಡಿ ಎಂದ. ಥಿನ್ನರ್, ಪೆಟ್ರೋಲುಗಳು ಪ್ಲಾಸ್ಟಿಕ್ ಚಿಪ್ಪಿನ ಶಕ್ತಿಯನ್ನೇ ತಿನ್ನುತ್ತವೆ. ಮೇಲೆ ಏನೂ ಕಾಣದೆ ಒಳಗೇ ಸೀಳು ಬಿಡುತ್ತದೆ. ಬಿಳಿ ಬಣ್ಣ ಬಳಿದರೆ ಹೇಗೆ ಎಂಬ ನನ್ನ ಯೋಚನೆ ಅಲ್ಲಿಗೇ ನಿಂತಿತು. ಮೂರು ಅಡಿ ಕತ್ತರಿಸಿಕೊಂಡೆ. ರಸ್ತೆ ಕೆಲಸದವರು ಹಾಕುವಂಥ ಕಿತ್ತಳೆ ಬಣ್ಣದ ಜಾಕೆಟ್ ಒಂದನ್ನೂ ಕೊಂಡೆ. ಗಿಣಿಹಸಿರಿನದೂ ಇತ್ತು, ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಆದರೆ ಜುಲೈಯಲ್ಲಿ ನಮ್ಮ ಗದ್ದೆಯ ಸಸಿಮಡಿ ಹೊಳೆಯುವ ಹಸಿರಿಗಿಂತ ಅದೇನು ಬೇರೆ?

ಮನೆಯಲ್ಲಿ ಕೆಲಸ ಶುರುವಾದದ್ದು ರಾತ್ರಿ ಊಟದ ಮೇಲೆ. ಎಂದಿನಂತೆ ಕರೆಂಟು ಹೋಗಿತ್ತು. ಲಾಟೀನಿನ ಬೆಳಕಿನಲ್ಲಿ ನಾನು ಹೆಲ್ಮೆಟ್‌ಗೆ ಪಟ್ಟಿ ಅಂಟಿಸುತ್ತಿದ್ದರೆ ಅಪ್ಪಯ್ಯ ಕವಳ ಹಾಕುತ್ತ ನೋಡುತ್ತಿದ್ದ. ಪ್ರಾಯದಲ್ಲಿ ಹವ್ಯಾಸಕ್ಕೆ ಯಕ್ಷಗಾನದ ವೇಷ ಹಾಕುತ್ತಿದ್ದವನು. ಗುಂಡಗಿರುವುದರ ಮೇಲೆ ಉದ್ದ ಪಟ್ಟಿ ಕೂರುವುದಿಲ್ಲ, ಸುಕ್ಕು ಬೀಳುತ್ತದೆ. ನಾನು ಮೂರನೆಯ ಸಲ ಕಿತ್ತಾಗ ಅವನಿಗೆ ತಡೆಯಲಾಗಲಿಲ್ಲ.

“ಕೊಡು ಇಲ್ಲಿ. ಕಿರೀಟಕ್ಕೆ ಬೇಗಡೆ ಅಂಟಿಸುವುದನ್ನು ಯಾವತ್ತಾದರೂ ನೋಡಿದ್ದೀಯಾ? ಉದ್ದಕ್ಕೆ ಎಳೆಯಬಾರದು, ಸಣ್ಣ ಸಣ್ಣ ತುಂಡು ಮಾಡಬೇಕು.”

ಅಡಕೆ ಕತ್ತರಿಯಲ್ಲಿ ಪಟ್ಟಿಯನ್ನು ಕೆಸುವಿನ ಎಲೆಯಾಕಾರಕ್ಕೆ ತುಂಡರಿಸಿದ. ಹಣೆಗೆ ಬಿಳಿ, ಕಿವಿಯ ಬದಿಗಳಿಗೆ ಹಳದಿ, ಹಿಂದೆ ಕೆಂಪು. ಗ್ಯಾಸ್‌ಲೈಟಿನ ಕಾಲದಲ್ಲಿ ಕೊನೆಯ ಸಾಲಿನಲ್ಲಿ ಕೂತವನಿಗೂ ರಾಜ ಬಂದ ಎಂದು ಗೊತ್ತಾಗಲು ಕಿರೀಟಕ್ಕೆ ಬೇಗಡೆ, ಕನ್ನಡಿ ಚೂರು ಹಚ್ಚುತ್ತಿದ್ದರಂತೆ. “ಮುಖ ಆಮೇಲೆ, ಮೊದಲು ಕಿರೀಟ ಕಾಣಬೇಕು” ಎಂದ. ನ್ಯೂಜಿಲೆಂಡಿನವರ ಲೆಕ್ಕ ಹೇಳೋಣವೆಂದುಕೊಂಡೆ, ಬಾಯಿ ಮುಚ್ಚಿಕೊಂಡೆ.

ಪರೀಕ್ಷೆಗೆಂದು ಹೆಲ್ಮೆಟ್ ಹಾಕಿಕೊಂಡು ಅಂಗಳ ದಾಟಿ ಬೇಲಿಬಾಗಿಲಿನ, ಅಂದರೆ ದಣಪೆಯ ಹತ್ತಿರ ನಿಂತೆ. ಜಗುಲಿಯಿಂದ ಹತ್ತು ಹೆಜ್ಜೆ. ಅಪ್ಪಯ್ಯ ಟಾರ್ಚನ್ನು ಸೊಂಟದ ಹತ್ತಿರ ಹಿಡಿದು ಬಿಟ್ಟ. “ಎಲ್ಲಿ ಹೊಳೆಯುತ್ತದೆ? ದುಡ್ಡು ದಂಡ.”

“ಟಾರ್ಚನ್ನು ಕಿವಿಯ ಹತ್ತಿರ ಹಿಡಿ.”

ಹಿಡಿದ. ಒಂದು ಕ್ಷಣ ಮಾತೇ ಇಲ್ಲ. ಆಮೇಲೆ, “ತಮಾ, ತಲೆ ಮಾತ್ರ ನಿಂತಿದೆಯಲ್ಲೋ!”

ಅಷ್ಟೇ ಅದರ ಗುಟ್ಟು. ಕನ್ನಡಿ ಬೆಳಕನ್ನು ಬೇರೆ ಕಡೆಗೆ ಹಾರಿಸುತ್ತದೆ. ಈ ಪಟ್ಟಿ ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ದೀಪದ ಹತ್ತಿರ ಕಣ್ಣಿದ್ದವನಿಗೆ ಮಾತ್ರ ಅದು ಸಿಗುವುದು. ಕಾರಿನವನ ಕಣ್ಣು ಹೆಡ್‌ಲೈಟಿಗಿಂತ ಎರಡು ಅಡಿ ಮೇಲಿರುತ್ತದೆ. ಹತ್ತಿರದಲ್ಲಿ ಅದು ದೊಡ್ಡ ಅಂತರ, ನೂರು ಹೆಜ್ಜೆ ದೂರದಲ್ಲಿ ಏನೂ ಅಲ್ಲ. ಹಾಗಾಗಿ ದೂರದಲ್ಲೇ, ಬೇಕಾದಲ್ಲೇ, ಚೆನ್ನಾಗಿ ಹೊಳೆಯುತ್ತದೆ. ಎತ್ತರದಲ್ಲಿ ಕೂರುವ ಬಸ್ಸು, ಲಾರಿಯವರಿಗೆ ಇದರ ಪಾಲು ಸ್ವಲ್ಪ ಕಡಿಮೆ. ನಮ್ಮ ರಸ್ತೆಯಲ್ಲಿ ಓಡುವವರು ಅವರೇ ಹೆಚ್ಚು, ಏನು ಮಾಡುವುದು.

ಮುಂದಿನ ಪ್ರಶ್ನೆ ಆಯಿಯದು. “ಮಳೆಯಲ್ಲಿ?” ಎಂದು ಕೇಳಿ ಬಚ್ಚಲಿನಿಂದ ಒಂದು ಚೊಂಬು ನೀರು ತಂದು ನನ್ನ ತಲೆಯ ಮೇಲೆ ಸುರಿದೇಬಿಟ್ಟಳು. ಹೆಲ್ಮೆಟ್ಟಿನ ಪಟ್ಟಿಗಳು ಸ್ವಲ್ಪ ಮಸುಕಾದರೂ ಕಾಣುತ್ತಿದ್ದವಂತೆ. ಆದರೆ ರೇನ್‌ಕೋಟಿನ ಜೊತೆಗೇ ಬಂದಿದ್ದ, ಬೆನ್ನಿನ ಮೇಲಿನ ತೆಳು ಬೆಳ್ಳಿ ಪಟ್ಟಿ ನೀರು ಬಿದ್ದೊಡನೆ ಸತ್ತೇಹೋಯಿತು. ಒಣಗಿದ್ದಾಗ ಅದೂ ಹೊಳೆಯುತ್ತಿತ್ತು! ಅಂಥ ಬಟ್ಟೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು ಬಯಲಾಗಿಯೇ ಇರುತ್ತವೆ; ಮೇಲೆ ನೀರಿನ ಪೊರೆ ಬಿದ್ದರೆ ಬೆಳಕನ್ನು ಹಿಂದಿರುಗಿಸುವ ಗುಣ ಹೋಗುತ್ತದೆ. ಲಾರಿ ಪಟ್ಟಿಯಲ್ಲಿ ಬೆಳಕನ್ನು ತಿರುಗಿಸುವ ಪುಟ್ಟ ಪಟ್ಟಕಗಳು (ಪ್ರಿಸಂಗಳು) ಪ್ಲಾಸ್ಟಿಕ್ ಪೊರೆಯ ಒಳಗಿರುವುದರಿಂದ ಉಳಿದುಕೊಳ್ಳುತ್ತವೆ. ನೆನೆದರೆ ಕಾಣದ ಪಟ್ಟಿಯನ್ನು ರೇನ್‌ಕೋಟಿಗೆ ಹೊಲಿದ ಪುಣ್ಯಾತ್ಮ ಯಾರೋ, ಅವನನ್ನು ಒಂದು ಆಷಾಢ ನಮ್ಮೂರಲ್ಲಿ ಇರಿಸಿಕೊಳ್ಳಬೇಕು.

ಮುಂದಿನ ಭಾನುವಾರ ಭಾವನನ್ನು ಕಾರಿನಲ್ಲಿ ಹಿಂದೆ ಬರಹೇಳಿ ಬೈಕಿನಲ್ಲಿ ಘಟ್ಟ ಇಳಿದೆ. ರೇನ್‌ಕೋಟಿನ ಮೇಲೆ ಕಿತ್ತಳೆ ಜಾಕೆಟ್. ಒಳಗೆ ಹಾಕಿದರೆ ಯಾರಿಗೆ ಕಾಣಬೇಕು? ಹಗಲಿನ ಮಂಕಿನಲ್ಲಿ ಎಲ್ಲಕ್ಕಿಂತ ಮೊದಲು ಜಾಕೆಟ್ಟೇ ಕಂಡಿತಂತೆ. ಆ ಬಣ್ಣ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಕಾಣುವ ಬೆಳಕಾಗಿ ಬಿಡುತ್ತದೆ, ಮೋಡ ಕವಿದ ಹೊತ್ತಿಗೆ ಹೇಳಿ ಮಾಡಿಸಿದ್ದು. ಕತ್ತಲಾದ ಮೇಲೆ ಅದರ ಆಟ ಮುಗಿಯಿತು, ಹೆಲ್ಮೆಟ್ಟಿನ ಸರದಿ. ದಟ್ಟ ಮಂಜಿನಲ್ಲಿ ಮಾತ್ರ ಭಾವ ನನ್ನ ಉತ್ಸಾಹಕ್ಕೆ ತಣ್ಣೀರೆರಚಿದ: ಅವನ ಹೆಡ್‌ಲೈಟಿನ ಬೆಳಕು ಮಂಜಿಗೇ ಬಡಿದು ಕಣ್ಣಿಗೆ ಬರುತ್ತಿತ್ತು, ಹೈಬೀಮ್ ಹಾಕಿದರೆ ಎದುರಿಗೆ ಸುಣ್ಣದ ಗೋಡೆ. ಆಗ ಮೊದಲು ಕಂಡದ್ದು ಹಿಂದಿನ ಕೆಂಪು ದೀಪ, ಕಿರೀಟ ಆಮೇಲೆ. ಅಂದಿನಿಂದ ಬೈಕಿನ ಹಿಡಿಕೆಗೆ ಒಂದು ಬಟ್ಟೆ ತುಂಡು ಕಟ್ಟಿಕೊಂಡಿದ್ದೇನೆ. ದೇವಿಮನೆಯಲ್ಲಿ ನಿಲ್ಲಿಸಿ, ದೇವಿಗೆ ಕೈಮುಗಿದು, ಹಿಂದಿನ ದೀಪ ಒರೆಸಿ ಘಟ್ಟ ಇಳಿಯುತ್ತೇನೆ. ಕತಗಾಲದ ವೈರಿಂಗಿನವರು ಮತ್ತೆ ಸಿಕ್ಕಿಲ್ಲ. ಬಿಳಿ ಚೀಲ ಕಂಡಲ್ಲೆಲ್ಲ ಕತ್ತು ಹೊರಳುತ್ತದೆ.

ಉಳಿದಿದ್ದ ಒಂದು ಅಡಿ ಪಟ್ಟಿ ಕಾಣೆಯಾಗಿತ್ತು. ಯಾರೂ ಬಾಯಿ ಬಿಡಲಿಲ್ಲ. ಆಷಾಢದ ಕೊನೆಯಲ್ಲಿ ಆಚೆ ಕೇರಿಯಲ್ಲಿ ತಾಳಮದ್ದಲೆಯಿತ್ತು, ಅಪ್ಪಯ್ಯ ಹೋಗಿದ್ದ. ರಾತ್ರಿ ಹನ್ನೊಂದರ ಮೇಲೆ ನಾಯಿ ಬೊಗಳಿತೆಂದು ಎದ್ದು ಜಗುಲಿಯಿಂದ ಟಾರ್ಚ್ ಬಿಟ್ಟೆ. ದಣಪೆಯ ಆಚೆ, ಆಳೆತ್ತರದಲ್ಲಿ, ಕೆಸುವಿನ ಎಲೆಯಾಕಾರದ ಆರೇಳು ಬೆಳಕುಗಳು ಸುತ್ತಲೂ ತೂಗಾಡುತ್ತ ಬರುತ್ತಿದ್ದವು. ಕೊಡೆಯ ಅಂಚಿಗೆ ಒಂದಿಷ್ಟೂ ಸುಕ್ಕಿಲ್ಲದಂತೆ ಅಂಟಿಸಿದ್ದ.

“ಟಾರ್ಚ್ ಕೆಳಗೆ ಹಿಡಿಯೋ, ಕಣ್ಣಿಗೆ ಕುಕ್ಕುತ್ತದೆ.”

ಸೊಂಟದ ಹತ್ತಿರಕ್ಕೆ ಇಳಿಸಿದೆ. ಬೆಳಕುಗಳೆಲ್ಲ ಆರಿದವು.

“ಈಗ ಕಾಣುತ್ತದೆಯೋ?”

“ಇಲ್ಲ.”

ಎರಡು ಹೆಜ್ಜೆಯ ಸದ್ದಾಯಿತು, ನಿಂತಿತು.

“ಹಾಗಾದರೆ ಕಿವಿಯ ಹತ್ತಿರವೇ ಹಿಡಿ.”