12ನೇ ದಿನ, ಮಣಿ ಇನ್ನೂ ಗಟ್ಟಿ

ಇವತ್ತು ಬೆಳಿಗ್ಗೆ, ಎಣ್ಣೆಗಾಗಿ ಪಾಚಿ ಬೆಳೆಸುವ ಕ್ಯಾನಿನೊಳಗೆ ಚಹಾ ಸೋಸುವ ಜರಡಿ ಇಳಿಸಿ, ಪಾಚಿಯನ್ನು ಒಳಗಿಟ್ಟು ಮಾಡಿದ ಹತ್ತು ಜೆಲ್ಲಿ ಮಣಿ ತೆಗೆದೆ. ಹತ್ತೂ ಉರುಟು. ಹತ್ತೂ ಕಡು ಹಸಿರು. ಬೆರಳಲ್ಲಿ ಒತ್ತಿದರೆ ಸ್ವಲ್ಪ ತಗ್ಗಿ ಮತ್ತೆ ಮೇಲೇಳುತ್ತವೆ. ಜೂನ್‌ನಿಂದ ನಾಲ್ಕು ಸಲ ಮಾಡಿದ ಮಣಿಗಳು ಆರನೇ ದಿನದಿಂದ ಎಂಟನೇ ದಿನದೊಳಗೆ ಜಾಸ್ತಿ ಬೆಂದ ಸಾಬಕ್ಕಿಯ ಹಾಗೆ ಗಂಜಿಯಾಗಿದ್ದವು. ಇದು ಐದನೇ ಸಲ. ಖುಷಿ ತಡೆಯದೆ ಅಮ್ಮನನ್ನು ಕರೆದು ತೋರಿಸಿದೆ. "ಚಂದ ಉಂಟು ಮಗ. ಇನ್ನಾದರೂ ಆ ಸೋಡದ ಡಬ್ಬಿ ವಾಪಸ್ ಕೊಡು" ಅಂದಳು. ಡಬ್ಬಿಯ ಕತೆ ಮುಂದೆ ಬರುತ್ತದೆ.

ಕ್ಲೋರೆಲ್ಲಾ ಅನ್ನುವ ಈ ಹಸಿರು ಪಾಚಿಯನ್ನು ಬೆಳೆಸುವ ಮಾಮೂಲು ಹಂತಗಳನ್ನು ಬಿಡುತ್ತೇನೆ. ಬಿಬಿಎಂ (ಪಾಚಿಗೆ ಹಾಕುವ ಪೋಷಕ ದ್ರಾವಣ), ಏರ್ ಪಂಪ್, ಎಲ್‌ಇಡಿ ಎಲ್ಲ ನಿಮಗೆ ಗೊತ್ತಿರುವುದೇ. ಮಣಿ ಯಾಕೆ ಅಂತ ಮಾತ್ರ ಹೇಳಬೇಕು. ಪಾಚಿಯಿಂದ ಎಣ್ಣೆ ತೆಗೆಯುವಾಗ ಕೈಸೋಲುವುದು ಕೊಯ್ಲಿನಲ್ಲಿ. ಕ್ಲೋರೆಲ್ಲಾದ ಕೋಶ ಒಂದು ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ಮೀರುವುದಿಲ್ಲ. ಮನೆಯಲ್ಲಿ ಬೆಳೆಸಿದರೆ ಲೀಟರಿಗೆ ಒಂದು ಗ್ರಾಂ ಒಣ ಪಾಚಿಯೂ ಸಿಗುವುದಿಲ್ಲ. ಬಟ್ಟೆಯಲ್ಲಿ ಸೋಸಿದರೆ ನೀರಿನ ಜೊತೆ ಪಾಚಿಯೂ ಇಳಿದು ಹೋಗುತ್ತದೆ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಪಾಚಿ ಡೀಸೆಲಿನ ಮೇಲೆ ಕೆಲಸ ಮಾಡಿಸಿತು. ಕೊನೆಗೂ ಅದು ಪೆಟ್ರೋಲಿಯಂ ಡೀಸೆಲಿಗಿಂತ ದುಬಾರಿಯಾಗಿಯೇ ಉಳಿಯಿತು. ಪಾಚಿಯನ್ನು ಆಲ್ಜಿನೇಟ್ (ಕಡಲಕಳೆಯಿಂದ ತೆಗೆಯುವ ಅಂಟು) ಮಣಿಯೊಳಗೆ ಕೂರಿಸಿದರೆ ಕೊಯ್ಲಿಗೆ ಚಹಾದ ಜರಡಿ ಸಾಕು.

ಇನ್ನೊಂದು ಲಾಭವೂ ಇದೆ. ನನಗೆ ಅದೇ ಜಾಸ್ತಿ ಇಷ್ಟ. ಮಣಿಯೊಳಗೆ ಪಾಚಿಗೆ ಒಬ್ಬ ಗೆಳೆಯನನ್ನೂ ಕೂರಿಸಬಹುದು: ಅಜೋಸ್ಪಿರಿಲಮ್ ಅನ್ನುವ ಬ್ಯಾಕ್ಟೀರಿಯಾ. ಭತ್ತಕ್ಕೆ ಹಾಕುವ ಅದೇ ಜೈವಿಕ ಗೊಬ್ಬರ. ಕ್ಲೋರೆಲ್ಲಾ ಹೊರಬಿಡುವ ಟ್ರಿಪ್ಟೊಫ್ಯಾನ್ ಅನ್ನುವ ಅಮಿನೋ ಆಮ್ಲವನ್ನು ಅದು ಇಂಡೋಲ್ ಅಸಿಟಿಕ್ ಆಮ್ಲವಾಗಿ ಬದಲಿಸುತ್ತದೆ. ಗಿಡದ ಬೇರು ಚಿಗುರುವುದು ಇದೇ ಹಾರ್ಮೋನಿನಿಂದ, ಅಲ್ವಾ? ಪಾಚಿಯೂ ಅದಕ್ಕೆ ಸ್ಪಂದಿಸುತ್ತದೆ. ಮೆಕ್ಸಿಕೋದ ಲಾ ಪಾಸ್‌ನಲ್ಲಿ ಯೋವ್ ಬಶಾನ್ ಮತ್ತು ಲುಸ್ ದೆ-ಬಶಾನ್ ಈ ಜೋಡಿಯನ್ನೇ ಮಣಿಯಲ್ಲಿಟ್ಟು ವರ್ಷಗಟ್ಟಲೆ ಕೆಲಸ ಮಾಡಿದರು. ಕೋಶಗಳ ಸಂಖ್ಯೆಯೂ ಹೆಚ್ಚಿತು, ಕೊಬ್ಬಿನ ಅಂಶವೂ ಹೆಚ್ಚಿತು. ಕ್ಲೋರೆಲ್ಲಾವನ್ನು 1890ರಲ್ಲಿ ಮೊದಲು ಬೇರ್ಪಡಿಸಿ ಬೆಳೆಸಿದ್ದು ಹಾಲೆಂಡಿನ ಬೈಯರಿಂಕ್. ಈಗ ಅಜೋಸ್ಪಿರಿಲಮ್ ಅನ್ನುವ ಜೀವಿಯನ್ನು 1925ರಲ್ಲಿ ಬೇರೆ ಹೆಸರಿನಲ್ಲಿ ವಿವರಿಸಿದವರೂ ಅವರೇ. ಇಬ್ಬರನ್ನೂ ಕಂಡ ಆ ಮನುಷ್ಯನನ್ನು ಮಣಿ ಮಾಡುವಾಗೆಲ್ಲ ನೆನೆಸಿಕೊಳ್ಳುತ್ತೇನೆ.

ಗೊಬ್ಬರದ ಪ್ಯಾಕೆಟಿನ ಬಗ್ಗೆ ಒಂದು ದೂರು. ಮೊದಲ ಅಂಗಡಿಯಲ್ಲಿ ಸಿಕ್ಕಿದ ಕಪ್ಪು ಪುಡಿಯ ಮೇಲೆ ತಾರೀಕು ಅಳಿಸಿ ಹೋಗಿತ್ತು. ಅದನ್ನು ಬ್ಯಾಕ್ಟೀರಿಯಾ ಬೆಳೆಸುವ ಅರೆಗಟ್ಟಿ ಮೀಡಿಯಂಗೆ ಹಾಕಿ ಐದು ದಿನ ಕಾದೆ. ಬಿಳಿ ಪೊರೆಯೂ ಬರಲಿಲ್ಲ, ಬಣ್ಣ ನೀಲಿಗೂ ತಿರುಗಲಿಲ್ಲ. ಒಳಗೆ ಜೀವ ಇರಲೇ ಇಲ್ಲ. ಜೀವ ಇರುವ ಸರಕನ್ನು ಬಿಸಿಲು ಬೀಳುವ ಶೆಲ್ಫಿನಲ್ಲಿ ಇಟ್ಟು ಮಾರಬಾರದು. ದುಡ್ಡು ಕೊಟ್ಟು ಅದನ್ನು ಗದ್ದೆಗೆ ಹಾಕುವವರನ್ನು ನೆನೆಸಿದರೆ ಬೇಸರವಾಗುತ್ತದೆ. ಬೇರೆ ಅಂಗಡಿಯ ದ್ರವರೂಪದ್ದರಲ್ಲಿ ಮೂರನೇ ದಿನಕ್ಕೇ ಚಂದದ ಪೊರೆ ಬಂತು.

ಈಗ ಮಣಿಯ ವಿಷಯ.

ಮೊದಲ ಸಲ ಗಂಜಿಯಾದಾಗ ನಾನು ಬ್ಯಾಕ್ಟೀರಿಯಾವನ್ನು ದೂರಿದೆ. ಆಲ್ಜಿನೇಟ್ ತಿನ್ನುವ ಬ್ಯಾಕ್ಟೀರಿಯಾಗಳು ಇವೆ, ಸಮುದ್ರದಲ್ಲಂತೂ ಬೇಕಾದಷ್ಟು. ಗೊಬ್ಬರದ ಜೊತೆ ಅಂಥದ್ದೇನೋ ಸೇರಿರಬೇಕು ಅಂದುಕೊಂಡೆ. ಎರಡನೇ ಸಲ ಬರೀ ಪಾಚಿಯ ಮಣಿ ಮಾಡಿ ಪಕ್ಕದ ಕ್ಯಾನಿನಲ್ಲಿ ಇಟ್ಟೆ. ಅದೂ ಆರನೇ ದಿನಕ್ಕೆ ಗಂಜಿ. ಬ್ಯಾಕ್ಟೀರಿಯಾದ ಮೇಲಿನ ಆರೋಪ ಅಲ್ಲಿಗೆ ಬಿತ್ತು.

ಮೂರನೇ ಸಲ ಕ್ಯಾಲ್ಸಿಯಂ ಕ್ಲೋರೈಡಿನ ಮೇಲೆ ಕಣ್ಣು ಬಿತ್ತು. ಆಲ್ಜಿನೇಟಿನ ಹನಿ ಗಟ್ಟಿ ಮಣಿಯಾಗುವುದು ಈ ಉಪ್ಪಿನ ನೀರಿಗೆ ಬಿದ್ದಾಗ. ಆನ್‌ಲೈನಿನಲ್ಲಿ ತರಿಸಿದ್ದು. ಮಾರುವವರು ಅದನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಸ್ಟೇಪ್ಲರ್ ಹೊಡೆದು ಜುಲೈ ತಿಂಗಳಲ್ಲಿ ಉಡುಪಿಗೆ ಕಳಿಸಿದ್ದಾರೆ! ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ತೇವ ಹೀರುವ ಚೀಲ ತೂಗು ಹಾಕುತ್ತೇವಲ್ಲ, ಅದರೊಳಗೆ ಇರುವುದೂ ಇದೇ ಉಪ್ಪು. ಆಟಿಯ (ಮಳೆಗಾಲದ ತುಳು ತಿಂಗಳು) ಗಾಳಿಯಲ್ಲಿ ಅದು ಸುಮ್ನೆ ಕೂರುತ್ತದಾ? ನಾನು ಲೀಟರಿಗೆ 27 ಗ್ರಾಂ ಅಂತ ತೂಗಿ ಹಾಕುತ್ತಿದ್ದುದರಲ್ಲಿ ಮುಕ್ಕಾಲು ಪಾಲು ನೀರೇ ಇತ್ತು.

ಇದನ್ನು ಅಳೆಯುವುದು ಹೇಗೆ? ಹಾಲಿನ ಸೊಸೈಟಿಯ ಲ್ಯಾಕ್ಟೋಮೀಟರ್ ನೆನಪಾಯಿತು. ಅದೂ ಸಾಂದ್ರತೆ ಅಳೆಯುವ ಸಾಧನವೇ ತಾನೇ. ಶೇಕಡಾ 2ರ ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಅದು 15, 16ರ ಹತ್ತಿರ ನಿಲ್ಲಬೇಕು. ಬಾಟಲಿ ಹಿಡಿದುಕೊಂಡು ಸೊಸೈಟಿಗೆ ಹೋದೆ. ಹಾಲು ಅಳೆಯುವ ಅಕ್ಕ ನಗುತ್ತಾ ಕೇಳಿದರು: "ನಾವು ಹಾಲಲ್ಲಿ ನೀರು ಹುಡುಕುವುದು ಮಾರಾಯ್ರೆ. ನೀವು ನೀರಲ್ಲಿ ಎಂತ ಹುಡುಕುವುದು?" ಲ್ಯಾಕ್ಟೋಮೀಟರ್ 5ರ ಗೆರೆಯನ್ನೂ ಮುಟ್ಟಲಿಲ್ಲ. ಅವತ್ತೇ ಸಂಜೆ ಪೇಟೆಯಿಂದ ನನ್ನದೇ ಒಂದು ತಂದೆ. ಈಗ ಉಪ್ಪನ್ನು ತೂಗುವುದೇ ಇಲ್ಲ. ಕರಗಿದ್ದು ಕರಗಿಯೇ ಇರಲಿ ಅಂತ ಇಡೀ ಚೀಲವನ್ನು ಬಾಟಲಿಗೆ ಸುರಿದು ಗಟ್ಟಿ ದ್ರಾವಣ ಮಾಡಿಟ್ಟಿದ್ದೇನೆ. ಬೇಕಾದಾಗ ನೀರು ಬೆರೆಸುತ್ತಾ 16ಕ್ಕೆ ತರುತ್ತೇನೆ. ಕರಾವಳಿಯಲ್ಲಿ ಈ ಉಪ್ಪು ಬಳಸುವ ಎಲ್ಲರಿಗೂ ಇದನ್ನೇ ಹೇಳುತ್ತೇನೆ.

ನಾಲ್ಕನೇ ಸಲದ ಮಣಿಗಳು ಗೋಲಿಯಷ್ಟು ಗಟ್ಟಿ. ಗೆದ್ದೆ ಅಂದುಕೊಂಡೆ. ಏಳನೇ ದಿನ ಅವೂ ಊದಿಕೊಂಡವು, ಎಂಟನೇ ದಿನ ಹರಡಿಕೊಂಡವು. ಅವತ್ತು ರಾತ್ರಿ ನಿಜಕ್ಕೂ ಎಲ್ಲ ಬಿಟ್ಟುಬಿಡೋಣ ಅನಿಸಿತು.

ತಲೆ ಕೆಡಿಸಿದ್ದು ಇನ್ನೊಂದು ಸಂಗತಿ. ಇದೇ ಸಲದ ಉಳಿದ ಮಣಿಗಳನ್ನು ಒಂದು ಜಾಡಿಯಲ್ಲಿ ಬರೀ ಬಾವಿ ನೀರು ಹಾಕಿ ಕಿಟಕಿಯಲ್ಲಿ ಇಟ್ಟಿದ್ದೆ. ಅವು ಹಾಗೇ ಇದ್ದವು. ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆ) ಬಾವಿ. ನೀರು ಮೆದು, ಸುಣ್ಣದ ಅಂಶ ತೀರಾ ಕಡಿಮೆ. ಕ್ಯಾಲ್ಸಿಯಂ ಇಲ್ಲದ ನೀರಿನಲ್ಲಿ ಗಟ್ಟಿ, ಕಾಳಜಿಯಿಂದ ಪೋಷಕ ಹಾಕಿದ ಕ್ಯಾನಿನಲ್ಲಿ ಗಂಜಿ. ಯಾಕೆ?

ಉತ್ತರ ಸಿಕ್ಕಿದ್ದು ಕೋಶ ಎಣಿಸಲು ಕೂತಾಗ. ನ್ಯೂಬಾವರ್ ಚೇಂಬರಿನಲ್ಲಿ (ಸೂಕ್ಷ್ಮದರ್ಶಕದ ಅಡಿ ಇಡುವ, ಗೆರೆ ಕೊರೆದ ಗಾಜು) ಎಣಿಸಬೇಕಾದರೆ ಮೊದಲು ಮಣಿಯನ್ನು ಕರಗಿಸಬೇಕು. ಅದಕ್ಕೆ ಶೇಕಡಾ 4ರ ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡ, ಬಳಸುತ್ತೇವೆ. ಚಮಚದಲ್ಲಿ ಸೋಡ ತೆಗೆದು ಲೋಟಕ್ಕೆ ಹಾಕಿದೆ. ಅದೇ ಚಮಚವನ್ನು ಅದೇ ಡಬ್ಬಿಗೆ ಅದ್ದಿ, ದಿನಾ ಹಾಕುವ ಹಾಗೆ, ಕ್ಯಾನಿಗೂ ಹಾಕಲು ಹೋದೆ. ಕೈ ಅಲ್ಲೇ ನಿಂತಿತು.

ಪಾಚಿಗೆ ಇಂಗಾಲ ಸಿಗಲಿ ಅಂತ 5 ಲೀಟರಿನ ಕ್ಯಾನಿಗೆ ದಿನಕ್ಕೊಂದು ಚಮಚ ಅಡುಗೆ ಸೋಡ ಹಾಕುತ್ತಿದ್ದೆ. ಲೀಟರಿಗೆ ಸುಮಾರು 1 ಗ್ರಾಂ. ಆರು ದಿನಕ್ಕೆ 6 ಗ್ರಾಂ. ಮಣಿ ಕರಗಿಸುವ ಮದ್ದನ್ನೇ ದಿನಾ ಸ್ವಲ್ಪ ಸ್ವಲ್ಪ ಕುಡಿಸುತ್ತಿದ್ದೆ. ಆಲ್ಜಿನೇಟಿನ ಎಳೆಗಳನ್ನು ಹಿಡಿದು ನಿಲ್ಲಿಸುವುದು ಕ್ಯಾಲ್ಸಿಯಂ. ಸೋಡದ ಸೋಡಿಯಂ ಅದರ ಜಾಗಕ್ಕೆ ನುಗ್ಗುತ್ತದೆ. ಹೊರಬಂದ ಕ್ಯಾಲ್ಸಿಯಂ ಕಾರ್ಬನೇಟ್ ಜೊತೆ ಸೇರಿ ಸುಣ್ಣವಾಗುತ್ತದೆ, ಮರಳಿ ಬರುವುದಿಲ್ಲ. ಪಾಚಿ ಚೆನ್ನಾಗಿ ಬೆಳೆದಷ್ಟೂ ನೀರಿನ ಪಿಎಚ್ ಏರುತ್ತದೆ. ಪಿಎಚ್ ಏರಿದಷ್ಟೂ ಕಾರ್ಬನೇಟ್ ಜಾಸ್ತಿ.

ಆದರೂ ಪರೀಕ್ಷೆ ಮಾಡದೆ ನಂಬಬಾರದು. ನಾಲ್ಕು ಲೋಟ ಇಟ್ಟೆ, ಒಂದೊಂದರಲ್ಲಿ ಹತ್ತು ಹೊಸ ಮಣಿ. ಒಂದರಲ್ಲಿ ಬಾವಿ ನೀರು, ಒಂದರಲ್ಲಿ ಬರೀ ಬಿಬಿಎಂ, ಒಂದರಲ್ಲಿ ಬಿಬಿಎಂ ಮತ್ತು ಲೀಟರಿಗೆ 6 ಗ್ರಾಂ ಲೆಕ್ಕದಲ್ಲಿ ಸೋಡ. ನಾಲ್ಕನೆಯದರಲ್ಲಿ ಸೋಡದ ಬದಲು ಅಷ್ಟೇ ಸೋಡಿಯಂ ಬರುವಷ್ಟು ಅಡುಗೆ ಉಪ್ಪು, ಲೀಟರಿಗೆ 4 ಗ್ರಾಂ ಚಿಲ್ಲರೆ. ಎರಡು ದಿನ ಬಿಟ್ಟು ನೋಡಿದರೆ ಮೊದಲ ಎರಡು ಲೋಟ ಮೊದಲಿನ ಹಾಗೆ. ಉಪ್ಪಿನದ್ದರಲ್ಲಿ ಮಣಿ ಊದಿತ್ತು, ಒಡೆದಿರಲಿಲ್ಲ. ಸೋಡದ ಲೋಟದಲ್ಲಿ ಮಣಿಗಳು ಅಂಟಂಟಾಗಿ ಒಂದಕ್ಕೊಂದು ಕೂಡಿಕೊಂಡಿದ್ದವು. ಎರಡು ತಿಂಗಳ ಗಂಟು ಬಿಚ್ಚಿದ ಆ ಬೆಳಿಗ್ಗೆ ನನಗೆ ಮರೆಯುವುದಿಲ್ಲ.

ಐದನೇ ಸಲ ಸೋಡ ಬಂದ್. ಇಂಗಾಲಕ್ಕೆ ಅಕ್ವೇರಿಯಂನವರ ಹಳೇ ದಾರಿ ಹಿಡಿದೆ: 2 ಲೀಟರಿನ ಬಾಟಲಿ, ಬೆಲ್ಲದ ನೀರು, ಅರ್ಧ ಚಮಚ ಈಸ್ಟ್. ನೊರೆ ಪೈಪಿಗೆ ಏರದ ಹಾಗೆ ನಡುವೆ ನೀರಿನ ಇನ್ನೊಂದು ಬಾಟಲಿ. ಫಾಸ್ಫೇಟನ್ನೂ ಅರ್ಧಕ್ಕೆ ಇಳಿಸಿದೆ. ಅದಕ್ಕೂ ಕ್ಯಾಲ್ಸಿಯಂ ಮೇಲೆ ಆಸೆ. ಕ್ಯಾನಿನ ತಳಕ್ಕೆ ತೊಳೆದು ಒಡೆದ ಮರುವಾಯಿ (ಕಪ್ಪೆಚಿಪ್ಪು) ಚಿಪ್ಪು ಒಂದು ಹಿಡಿ ಹಾಕಿದ್ದೇನೆ. ಇಂಗಾಲದ ಡೈಆಕ್ಸೈಡ್ ಕರಗಿದ ನೀರಿಗೆ ಚಿಪ್ಪು ಸ್ವಲ್ಪ ಸ್ವಲ್ಪವೇ ಕ್ಯಾಲ್ಸಿಯಂ ಬಿಡುತ್ತದೆ. ಭಾನುವಾರದ ಸುಕ್ಕದ ಚಿಪ್ಪು ಹೀಗೆ ಕೆಲಸಕ್ಕೆ ಬಂತು.

ಚಿಪ್ಪು ತೊಳೆಯಲು ಬಾವಿಕಟ್ಟೆಗೆ ಹೋದಾಗ ತೆಂಗಿನ ಮರದ ಕಾಂಡದ ಮೇಲೆ ಕೇಸರಿ ಬಣ್ಣದ ಮಖಮಲ್ಲು ಕಂಡಿತು. ಮಳೆಗಾಲದಲ್ಲಿ ನಮ್ಮ ಕಡೆ ಪಾಗಾರದ ಮೇಲೂ ಇರುತ್ತದೆ. ಅದು ಟ್ರೆಂಟೆಪೋಲಿಯಾ. ಬಣ್ಣ ಕೇಸರಿ, ಜಾತಿಯಲ್ಲಿ ಹಸಿರು ಪಾಚಿ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಬಂದಾಗ ಪರೀಕ್ಷಿಸಿದವರು ಹೇಳಿದ್ದು ಇದರ ಬೀಜಾಣುಗಳ ಹೆಸರನ್ನೇ. ಒಳಗೆ ಎಣ್ಣೆಯ ಹನಿಗಳಲ್ಲಿ ಕ್ಯಾರೊಟಿನ್ ತುಂಬಿಕೊಂಡಿರುತ್ತದೆ. ಇದು ನೀರಿನಲ್ಲಿ ಅಲ್ಲ, ಒದ್ದೆ ಗಾಳಿಯಲ್ಲಿ ಬೆಳೆಯುತ್ತದೆ. ಮುರಕಲ್ಲಿನ ತುಂಡಿನ ಮೇಲೆ ಬೆಳೆಸಿ, ಕೆರೆದು ತೆಗೆದರೆ ಕೊಯ್ಲಿಗೆ ಜರಡಿಯೂ ಬೇಡ! ಒಂದು ಕಲ್ಲನ್ನು ಈಗಲೇ ಕುದಿಸಿ ಇಟ್ಟಿದ್ದೇನೆ. ಆಟಿ ಮುಗಿಯುವ ಮೊದಲು ಶುರು ಮಾಡಬೇಕು.

ಮತ್ತೆ ಮಣಿಗೆ ಬರೋಣ. ಇವತ್ತಿನ ಎಣಿಕೆಯಲ್ಲಿ ಜೋಡಿ ಇರುವ ಮಣಿಯಲ್ಲಿ ಬರೀ ಪಾಚಿಯ ಮಣಿಗಿಂತ ಸುಮಾರು ಒಂದೂವರೆ ಪಟ್ಟು ಕೋಶ. ನಂಬಿಕೆ ಬಾರದೆ ಐದು ಮಣಿ ಬೇರೆ ಬೇರೆಯಾಗಿ ಕರಗಿಸಿ ಎಣಿಸಿದೆ. ಕೋಶಗಳೂ ದಪ್ಪಗಿವೆ, ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಗೊತ್ತಾಗುತ್ತದೆ.

ಎಣ್ಣೆಯ ಸರದಿ ಇನ್ನು ಬರಬೇಕು. ನಾಳೆ ಎರಡೂ ಕ್ಯಾನಿನ ನೀರು ಬದಲಿಸಿ ನೈಟ್ರೇಟ್ ನಿಲ್ಲಿಸುತ್ತೇನೆ. ಸಾರಜನಕಕ್ಕೆ ಬರ ಬಂದರೆ ಕ್ಲೋರೆಲ್ಲಾ ಕೊಬ್ಬು ಕೂಡಿಡುತ್ತದೆ. ಅಜೋಸ್ಪಿರಿಲಮ್ ಗಾಳಿಯಿಂದ ಸಾರಜನಕ ಹಿಡಿದು ಗೆಳೆಯನಿಗೆ ಗುಟ್ಟಾಗಿ ಉಣಿಸಿದರೆ ಬರವೇ ಬರುವುದಿಲ್ಲ. ಆದರೆ ಆ ಕೆಲಸಕ್ಕೆ ಅದಕ್ಕೆ ಆಮ್ಲಜನಕ ಕಡಿಮೆ ಇರಬೇಕು. ಬೆಳಕಿನಲ್ಲಿ ಪಾಚಿ ಇಡೀ ಮಣಿಗೆ ಆಮ್ಲಜನಕ ತುಂಬುತ್ತದೆ. ಅದಕ್ಕೇ ಒಂದು ಕ್ಯಾನಿಗೆ ರಾತ್ರಿಯೂ ದೀಪ, ಇನ್ನೊಂದಕ್ಕೆ ಹಗಲು ಮಾತ್ರ. ಎರಡರಲ್ಲೂ ಜೋಡಿ ಮಣಿಗಳೇ. ಕರೆಂಟ್ ಹೋದ ಗಂಟೆಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಲು ಅಮ್ಮ ಒಪ್ಪಿದ್ದಾಳೆ. ಸೋಡದ ಡಬ್ಬಿ ಅಡುಗೆಮನೆಗೆ ವಾಪಸ್ ಹೋಗಿದೆ. ಎಣಿಕೆಗೆ ನಾನು ಬೇರೆ ಪೊಟ್ಟಣ ತಂದಿದ್ದೇನೆ.